ಗ್ಲಾಕೋಮಾ ಡ್ರಾಪ್ಸ್ ಹಾಕುವವರು ಮಂಡಿನೋವಿಗೆ ಯಾವ ಮಾತ್ರೆ ತಗೊಳ್ತೀರಿ?

ಅಮ್ಮನಿಗೆ 68 ವರ್ಷ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ, ಬೆಳಿಗ್ಗೆ ಸಂಜೆ ಡಾರ್ಜೋಲಮೈಡ್, ಟಿಮೊಲಾಲ್ ಎರಡೂ ಸೇರಿದ ಡ್ರಾಪ್ಸ್ ಹಾಕುತ್ತೇವೆ. ಬಿಪಿ ಮಾತ್ರೆಯೂ ಇದೆ. ಈಗ ಮಂಡಿನೋವು ಜಾಸ್ತಿಯಾಗಿದೆ. ಮೆಡಿಕಲ್ ಶಾಪಿನಲ್ಲಿ ಕಾಂಬಿಫ್ಲಾಮ್ ಕೊಟ್ಟರು. ಕೊಡಬಹುದಾ? ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದು ಮುಂದಿನ ವಾರ.

ಉತ್ತರ: ನಮ್ಮ ತಂದೆಯವರಿಗೂ ಇದೇ ಡ್ರಾಪ್ಸ್. ಪ್ಯಾರಸಿಟಮಾಲ್ ಜೊತೆ ಇದಕ್ಕೆ ತಕರಾರಿಲ್ಲ ಅಂತ ಡಾಕ್ಟರು ಹೇಳಿದ್ದರು. ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ. ವಯಸ್ಸಾದವರಿಗೆ, ಸಣಕಲು ಮೈಯವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ, ಎಷ್ಟು ಅಂತ ಕೇಳಿಕೊಳ್ಳಿ. ಕಾಂಬಿಫ್ಲಾಮ್ ಬೇರೆ ಕಥೆ. ಅದರಲ್ಲಿ ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 325 ಮಿಲಿಗ್ರಾಂ ಇದೆ. ಐಬುಪ್ರೊಫೆನ್ ಬಿಪಿ ಏರಿಸಬಹುದು, ಕಿಡ್ನಿಗೂ ಹೊಟ್ಟೆಗೂ ಒಳ್ಳೆಯದಲ್ಲ. ಇದು ಸಾಲದು ಅಂತ ಮೇಲೆ ಡೋಲೋ (ಅದೂ ಪ್ಯಾರಸಿಟಮಾಲೇ) ನುಂಗಿದರೆ ಪ್ಯಾರಸಿಟಮಾಲ್ ಎರಡು ಕಡೆಯಿಂದ ಬಂದಂತಾಯಿತು. ಜನ ಎಡವುವುದು ಇಲ್ಲೇ. ಸ್ಟ್ರಿಪ್ಪಿನ ಹಿಂದೆ ಬರೆದಿದ್ದನ್ನು ಓದಿ.

ಉತ್ತರ: ಅಮ್ಮನಿಗೆ ಉಬ್ಬಸ ಇದೆಯಾ? ಮೊದಲು ಅದನ್ನು ಹೇಳಿ. ಟಿಮೊಲಾಲ್ ಕಣ್ಣಲ್ಲೇ ಉಳಿಯುವುದಿಲ್ಲ. ಮೂಗಿಗೆ ಇಳಿದು ರಕ್ತ ಸೇರುತ್ತದೆ, ನಾಡಿ ನಿಧಾನ ಮಾಡುತ್ತದೆ, ಉಬ್ಬಸ ಕೆರಳಿಸುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಉಬ್ಬಸ ಇರುವ ಕೆಲವರಿಗೆ ಆಗಿಬರುವುದಿಲ್ಲ. ನಮ್ಮ ಅತ್ತೆಗೆ ಉಬ್ಬಸ ಇದೆ ಅಂತ ಗೊತ್ತಾದ ಕೂಡಲೇ ಡಾಕ್ಟರು ಟಿಮೊಲಾಲ್ ಇಲ್ಲದ ಡ್ರಾಪ್ಸ್ ಬರೆದುಕೊಟ್ಟರು. ಯಾರೇ ಹಾಕಿಕೊಳ್ಳಲಿ, ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಮೈಗೆ ಸೇರುವುದು ಕಡಿಮೆಯಾಗುತ್ತದೆ.

ಉತ್ತರ: ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಬಿಪಿ, ಶುಗರ್ ಮಾತ್ರೆ ಎಲ್ಲಾ ಹೇಳುತ್ತಾರೆ, ಡ್ರಾಪ್ಸ್ ಮಾತ್ರ ಯಾರೂ ಹೇಳಲ್ಲ. ಅದೂ ಔಷಧಿನೇ ಅಲ್ವಾ! ಬಾಟಲಿ ಜೊತೆಗೇ ತನ್ನಿ. ಡೈಮಾಕ್ಸ್ (ಅಸೆಟಜೋಲಮೈಡ್, ಕಣ್ಣಿನ ಒತ್ತಡ ಇಳಿಸುವ ಔಷಧಿ) ಮಾತ್ರೆ ತಗೊಳ್ಳುವವರು ನೋವಿಗೆ ಅಂತ ಜಾಸ್ತಿ ಡೋಸಿನ ಆಸ್ಪಿರಿನ್ ತಗೊಳ್ಳಲೇಬಾರದು. ಡಾರ್ಜೋಲಮೈಡ್ ಅದೇ ಜಾತಿಯ ಔಷಧಿ, ಹಾಗಾಗಿ ಅಲ್ಲೂ ಹುಷಾರು. ಹಾರ್ಟಿಗೆ ಅಂತ ಬರೆದ 75 ಮಿಲಿಗ್ರಾಂ ಆಸ್ಪಿರಿನ್ ಇದ್ದರೆ ಸುಮ್ನೆ ನಿಲ್ಲಿಸಬೇಡಿ. ಇನ್ನು ನೆಗಡಿ ಮಾತ್ರೆ. ಪ್ಯಾರಸಿಟಮಾಲ್ ಜೊತೆ ಫಿನೈಲೆಫ್ರಿನ್, ಕ್ಲೋರ್‌ಫೆನಿರಮೈನ್ ಬೆರೆತಿರುತ್ತದೆ. ಕಿರಿದಾದ ಕೋನದ ಗ್ಲಾಕೋಮಾ (ಕಣ್ಣೊಳಗಿನ ನೀರು ಹೊರಹೋಗುವ ಜಾಗ ಇಕ್ಕಟ್ಟಾಗಿರುವ ಬಗೆ) ಇದ್ದವರಿಗೆ ಅದು ಅಪಾಯ. ಅಮ್ಮನದು ಯಾವ ಬಗೆ ಅಂತ ಕೇಳಿಟ್ಟುಕೊಳ್ಳಿ.

ಕೇಳಿದವರು: ಉಬ್ಬಸ ಇಲ್ಲ. ಹಾಗಾದರೆ ಸದ್ಯಕ್ಕೆ ಪ್ಯಾರಸಿಟಮಾಲ್ ಸಾಕು. ಮಂಡಿಗೆ ಜೆಲ್ ಹಚ್ಚಬಹುದಾ?

ಉತ್ತರ: ಡೈಕ್ಲೋಫೆನಾಕ್ ಜೆಲ್ ಮಾತ್ರೆಯಷ್ಟು ರಕ್ತಕ್ಕೆ ಸೇರುವುದಿಲ್ಲ, ನಮ್ಮ ಡಾಕ್ಟರು ಮಾತ್ರೆಗಿಂತ ಮೊದಲು ಅದನ್ನೇ ಹೇಳಿದ್ದು. ಆದರೆ ಕಣ್ಣೇ ನೋಯುತ್ತಿದ್ದರೆ, ಕೆಂಪಾಗಿ, ದೀಪದ ಸುತ್ತ ಬಣ್ಣದ ಉಂಗುರ ಕಂಡು ವಾಂತಿ ಬರುತ್ತಿದ್ದರೆ ಯಾವ ನೋವಿನ ಮಾತ್ರೆಯನ್ನೂ ನಂಬಿ ಕೂರಬೇಡಿ, ರಾತ್ರಿಯಾದರೂ ಕಣ್ಣಾಸ್ಪತ್ರೆಗೆ ಹೋಗಿ. ಮತ್ತೆ ಜೆಲ್ ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆದೇ ಡ್ರಾಪ್ಸ್ ಬಾಟಲಿ ಮುಟ್ಟಿ. ಜೆಲ್‌ನಲ್ಲಿ ಮೆಂಥಾಲ್ ಇದ್ದು ಅದು ಕಣ್ಣಿಗೆ ತಾಗಿದರೆ ಆ ಉರಿ ಬೇಡ.