ಅಪಘಾತದ ಕಾರಿನ ‘ಸಾಲ್ವೇಜ್’: ಗುಜರಿಯೋ, ಉಳಿಕೆಯೋ?

ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಒಂದು ಪದ ಬೇಕು. ಪಡುಬಿದ್ರಿ ಹತ್ತಿರ ಹೆದ್ದಾರಿಯಲ್ಲಿ ಭಾವನ ಕಾರಿಗೆ ಟಿಪ್ಪರ್ ಗುದ್ದಿತು. ಜನಕ್ಕೇನೂ ಆಗಲಿಲ್ಲ, ಕಾರು ಟೋಟಲ್ ಲಾಸ್. ರಿಪೇರಿ ಖರ್ಚು ಐಡಿವಿಯ, ಅಂದರೆ ವಿಮಾಪತ್ರದಲ್ಲಿ ಕಾರಿಗೆ ಕಟ್ಟಿದ ಬೆಲೆಯ, ಶೇ. 75 ದಾಟಿತೆಂದು ವಿಮೆಯ ಸರ್ವೇಯರ್ ಬರೆದರು. ಕಾರನ್ನು ಭಾವನೇ ಮಾರಿಕೊಳ್ಳುವುದು, ಆ ಬೆಲೆ ಕಳೆದು ಮಿಕ್ಕದ್ದನ್ನು ವಿಮೆಯವರು ಕೊಡುವುದು ಎಂದಾಗಿದೆ. ಕೊಳ್ಳುವವರು ಬೈಕಂಪಾಡಿ ಕಡೆಯವರು. ಕರಾರುಪತ್ರ ಕನ್ನಡದಲ್ಲೇ ಆಗಬೇಕೆಂದು ಅಕ್ಕನ ಹಠ. ಅಪಘಾತದ ನಂತರ ಮಿಕ್ಕ ಕಾರಿಗೆ ಇಂಗ್ಲಿಷ್ ನಮೂನೆಯಲ್ಲಿ ಎಲ್ಲಿ ನೋಡಿದರೂ ‘ಸಾಲ್ವೇಜ್’. ನಾನು ‘ಜಖಂ ಆದ ಕಾರಿನ ಗುಜರಿ’ ಎಂದು ಬರೆದೆ. ಅಕ್ಕ ‘ಗುಜರಿ’ ಹೊಡೆದು ಹಾಕಿದಳು: “ಇಂಜಿನ್ ಈಗಲೂ ಸ್ಟಾರ್ಟ್ ಆಗ್ತದೆ, ಹಿಂದಿನ ಎರಡು ಬಾಗಿಲಿಗೆ ಗೀರೂ ಬಿದ್ದಿಲ್ಲ. ಗುಜರಿ ಅಂತ ಬರೆದ್ರೆ ಅವ ಕಿಲೋ ಲೆಕ್ಕದಲ್ಲಿ ತೂಗಿಸ್ತಾನೆ.”

ಉತ್ತರ 1 (ಮಂಗಳೂರು)

ಗುಜರಿ ಸಾಕು. ಪಂಪ್‌ವೆಲ್‌ನಿಂದ ಕುಂದಾಪುರದವರೆಗೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ‘ಭಗ್ನಾವಶೇಷ’ ಮಾತ್ರ ಬೇಡ, ಅದು ಹಾಳುಬಿದ್ದ ಗುಡಿಗೆ ಹೇಳುವ ಮಾತು.

ಉತ್ತರ 2 (ಉಡುಪಿ)

ಗುಜರಿ ಸಾಲದು. ಅಕ್ಕ ಹೇಳಿದ್ದೇ ಸರಿ: ಗುಜರಿಗೆ ತೂಕ ಮಾತ್ರ ಉಂಟು, ಬಾಗಿಲು-ಇಂಜಿನ್ ಇಲ್ಲ. ಸಾಲ್ವೇಜ್ ಮೂಲದಲ್ಲಿ ಕಡಲಿನ ಪದ. ಮುಳುಗುವ ಹಡಗಿನಿಂದ ಸರಕು ಉಳಿಸುವುದೂ ಅದೇ, ಹಾಗೆ ಉಳಿದ ಸರಕೂ ಅದೇ. ಕನ್ನಡದ ‘ಉಳಿ’ ಧಾತುವಿನಲ್ಲಿ ಈ ಎರಡೂ ಅರ್ಥ ಒಟ್ಟಿಗೇ ಇವೆ: ಅನ್ನ ಉಳಿಯಿತು, ಜೀವ ಉಳಿಯಿತು. ತುಳುವಿನ ‘ಒರಿ’ಯೂ ಹಾಗೆಯೇ, ‘ತುಳು ಒರಿಪುಗ’ ಎನ್ನುವಾಗ ಕಾಪಾಡುವುದೇ ಅರ್ಥ. ಮನೆಯಲ್ಲಿ ಇಂಥ ಧಾತು ಇರುವಾಗ ಹೊರಗಿನಿಂದ ತರುವುದೇಕೆ? ‘ಉಳಿಕೆ’ ಎಂದು ಬರೆಯಿರಿ. ‘ಜಖಂ’ ಕೂಡ ಹೊರಗಿನದು, ಪಾರ್ಸಿ ಭಾಷೆಯ ಪದ, ತೆಗೆಯಿರಿ.

ಉತ್ತರ 1

ಕರಾರು, ವಿಮೆ, ಅರ್ಜಿ, ಕಚೇರಿ, ತಾಲೂಕು, ಜಮೀನು. ಇವೂ ಹೊರಗಿನಿಂದ ಬಂದವೇ, ಎಲ್ಲ ತೆಗೆದು ಒಂದು ಪತ್ರ ಬರೆದು ತೋರಿಸಿ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಉಂಟು. ಲೆಕ್ಕಪತ್ರದಲ್ಲಿ ‘ಉಳಿಕೆ’ ಎಂದರೆ ಬ್ಯಾಲೆನ್ಸ್. ‘ಉಳಿಕೆಯ ಮೊತ್ತ’ ಎಂದರೆ ಕಾರಿನ ಬೆಲೆಯೋ, ಕೊಡಲು ಬಾಕಿ ಇರುವ ಹಣವೋ? ಜಗಳಕ್ಕೆ ಅಷ್ಟು ಸಾಕು.

ಉತ್ತರ 3 (ಸುರತ್ಕಲ್)

ಧಾತು ಆಮೇಲೆ ನೋಡುವ. ಅವರು ಕಾರನ್ನು ಒಡೆಯುವುದೋ, ರಿಪೇರಿ ಮಾಡಿ ಓಡಿಸುವುದೋ? ಒಡೆಯುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ (ನೋಂದಣಿ ಪತ್ರ) ರದ್ದು ಮಾಡಿಸಬೇಕು. ಓಡಿಸುವುದಾದರೆ ಹೆಸರು ವರ್ಗಾವಣೆ. ಎರಡೂ ಮಾಡದೆ ಆರ್‌ಸಿ ಕೈಗೆ ಕೊಟ್ಟರೆ, ನಿಮ್ಮ ಕೆಎ-20 ನಂಬರು ಕದ್ದ ಕಾರಿನ ಮೇಲೆ ಓಡಾಡೀತು, ಪೊಲೀಸರು ಬರುವುದು ಭಾವನ ಮನೆಗೆ. ‘ಗುಜರಿ’ ಎಂಬ ಪದ ಬೇಕಾಗುವುದು ಒಡೆಯುವ ಮಾತು ಬರೆಯುವಲ್ಲಿ.

ಕೇಳಿದವರಿಂದ

ಉಪಕಾರವಾಯಿತು. ಎರಡೂ ಪದ ಇಟ್ಟುಕೊಂಡೆ. ಹಣಕ್ಕೆ ಎಲ್ಲ ಕಡೆ ‘ಬಾಕಿ’ ಎಂದೇ ಬರೆದಿದ್ದೇನೆ, ಅದೂ ಹೊರಗಿನ ಪದ, ಉಡುಪಿಯವರು ಕ್ಷಮಿಸಬೇಕು. ಅಕ್ಕ ಓದಿ ಒಪ್ಪಿದ ಸಾಲು ಇದು: “ಅಪಘಾತದಲ್ಲಿ ಜಖಂ ಆದ ಕಾರಿನ ಉಳಿಕೆಯನ್ನು, ಇಂಜಿನ್ ಮತ್ತು ಬಿಡಿಭಾಗ ಸಹಿತ, ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ. ಖರೀದಿದಾರರು ಇದನ್ನು ಗುಜರಿಗೆ ಹಾಕುವುದಾದರೆ, ಆರ್‌ಸಿ ರದ್ದಾಗುವ ಮೊದಲು ಒಡೆಯತಕ್ಕದ್ದಲ್ಲ.”