ಹಂಬಕರ್ ಪಿಕಪ್‌ನಲ್ಲಿ ಸ್ವರದ ಹೊಳಪು ಕುಗ್ಗುವುದೇಕೆ?

ಆರುತಂತಿ (ಪ್ರಶ್ನೆ):
ನನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬ್ರಿಡ್ಜ್ ಬಳಿ ಎರಡು ಸುರುಳಿಗಳ ಹಂಬಕರ್, ನಡುವೆ ಮತ್ತು ನೆಕ್ ಬಳಿ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗಳಿವೆ (ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತ ಮತ್ತು ತಂತಿಸುರುಳಿಯಿರುವ ಭಾಗ). ಸಿಂಗಲ್ ಕಾಯಿಲ್‌ಗೆ ಬದಲಿಸಿದೊಡನೆ ಆಂಪ್‌ನಲ್ಲಿ ಗುಂಯ್ ಎಂಬ ಸದ್ದು ಏಳುತ್ತದೆ. ಹಂಬಕರ್‌ಗೆ ಬಂದರೆ ಅದು ಅಡಗುತ್ತದೆ, ಆದರೆ ಅದರೊಂದಿಗೆ ಸ್ವರದ ಹೊಳಪೂ ಹೋಗಿ, ಕ್ಲೀನ್ ಚಾನೆಲ್‌ನಲ್ಲಿ ಕಾರ್ಡ್ ನುಡಿಸಿದಾಗ ತಂತಿಗಳು ಒಂದರೊಳಗೊಂದು ಕಲೆಸಿಹೋದಂತೆ ಕೇಳಿಸುತ್ತದೆ. ಗುಂಯ್‌ಗುಡುವಿಕೆಯನ್ನು ಅಳಿಸುವ ಕ್ರಿಯೆಯೇ ಮೇಲಿನ ಆವರ್ತನಗಳನ್ನೂ ಅಳಿಸುತ್ತಿದೆಯೇ? ಕಾಯಿಲ್ ಸ್ಪ್ಲಿಟ್ ಮಾಡಿಸಿದರೆ, ಅಂದರೆ ಹಂಬಕರ್‌ನ ಒಂದು ಸುರುಳಿಯನ್ನಷ್ಟೇ ಬಳಸುವಂತೆ ಮಾಡಿದರೆ, ಸರಿಹೋಗುವುದೇ?

ತಾಮ್ರಸುರುಳಿ:
ಅವೆರಡೂ ಬೇರೆ ಬೇರೆ ಸಂಗತಿಗಳು. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿನ್ಯಾಸದಲ್ಲಿ, ಪಕ್ಕಪಕ್ಕದ ಎರಡು ಸುರುಳಿಗಳ ಅಯಸ್ಕಾಂತ ಧ್ರುವಗಳೂ ಜೋಡಣೆಯ ದಿಕ್ಕೂ ಪರಸ್ಪರ ವಿರುದ್ಧವಾಗಿರುತ್ತವೆ. ಮನೆಯ ವೈರಿಂಗಿನಿಂದ ಬರುವ 50 ಹರ್ಟ್ಸ್ ಸದ್ದಿಗೆ ಅಯಸ್ಕಾಂತದ ಹಂಗಿಲ್ಲವಾದ್ದರಿಂದ ಅದು ಒಮ್ಮೆ ಮಾತ್ರ ತಲೆಕೆಳಗಾಗಿ ರದ್ದಾಗುತ್ತದೆ. ತಂತಿಯ ಕಂಪನ ಎರಡು ಸಲ ತಲೆಕೆಳಗಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಹೊಳಪು ಕುಗ್ಗಲು ಮುಖ್ಯ ಕಾರಣ ಇಂಡಕ್ಟನ್ಸ್, ಅಂದರೆ ವಿದ್ಯುತ್ ಪ್ರವಾಹದ ಬದಲಾವಣೆಗೆ ಸುರುಳಿ ಒಡ್ಡುವ ಅಡ್ಡಿ. ಎರಡು ಸುರುಳಿಗಳನ್ನು ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಜೋಡಿಸಿದಾಗ ಅದು ಸಾಮಾನ್ಯ ಸಿಂಗಲ್ ಕಾಯಿಲ್‌ಗಿಂತ ಸುಮಾರು ಇಮ್ಮಡಿಯಾಗುತ್ತದೆ. ಪಿಕಪ್‌ನ ಇಂಡಕ್ಟನ್ಸ್ ಮತ್ತು ಕೇಬಲ್ಲಿನ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಸೇರಿ ಒಂದು ಅನುರಣನ ಶಿಖರವನ್ನು, ಅಂದರೆ ಸದ್ದು ಹೆಚ್ಚು ಎದ್ದು ಕೇಳುವ ಆವರ್ತನವನ್ನು, ಉಂಟುಮಾಡುತ್ತವೆ. ಕೇಬಲ್ ಸೇರಿ 600 ಪೈಕೊಫ್ಯಾರಡ್ ಎಂದಿಟ್ಟುಕೊಂಡರೆ, 2.2 ಹೆನ್ರಿಯ ಸಿಂಗಲ್ ಕಾಯಿಲ್‌ನಲ್ಲಿ ಅದು 4400 ಹರ್ಟ್ಸ್ ಹತ್ತಿರವೂ 4.4 ಹೆನ್ರಿಯ ಹಂಬಕರ್‌ನಲ್ಲಿ 3100 ಹರ್ಟ್ಸ್ ಹತ್ತಿರವೂ ಬೀಳುತ್ತದೆ. ಆ ಶಿಖರದಿಂದ ಮೇಲಿನದೆಲ್ಲ ಬೇಗನೆ ಇಳಿದುಹೋಗುವುದರಿಂದಲೇ ನಿಮಗೆ ಮಧ್ಯಭಾಗ ದಪ್ಪವಾಗಿ ಕೇಳಿಸುತ್ತಿರುವುದು.

ನಾದಲೋಲ:
ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಸುರುಳಿಗಳು ಸುಮಾರು 18 ಮಿಲಿಮೀಟರ್ ಅಂತರದಲ್ಲಿ ತಂತಿಯನ್ನು ಎರಡು ಕಡೆ ಆಲಿಸುತ್ತವೆ. ಆ ಎರಡು ಬಿಂದುಗಳು ವಿರುದ್ಧವಾಗಿ ಚಲಿಸುವ ಹಾರ್ಮೋನಿಕ್‌ಗಳು (ಮೂಲಸ್ವರದ ಜೊತೆ ಮೊಳಗುವ ಮೇಲುಸ್ವರಗಳು) ಅಳಿಯುತ್ತವೆ. 648 ಮಿಲಿಮೀಟರ್ ಸ್ಕೇಲಿನ (ಕಂಪಿಸುವ ತಂತಿಯ ಉದ್ದದ) ಗಿಟಾರಿನಲ್ಲಿ ದಪ್ಪ ಇ ತಂತಿಗೆ ಇದು 3000 ಹರ್ಟ್ಸ್ ಸುತ್ತ ನಡೆಯುತ್ತದೆ, ತೆಳು ಇ ತಂತಿಗೆ 12000 ಹರ್ಟ್ಸ್ ಸುತ್ತ. ಗಿಟಾರ್ ಸ್ಪೀಕರ್‌ಗಳು 5000 ದಾಟಿದ ಮೇಲೆ ಹೇಗೂ ಸೊರಗುವುದರಿಂದ, ಇದರ ಪರಿಣಾಮ ಕೇಳಿಸುವುದು ದಪ್ಪ ತಂತಿಗಳಲ್ಲಿ ಮಾತ್ರ. ಇದನ್ನೇ ಎಲ್ಲಕ್ಕೂ ಕಾರಣವೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಬೆಸುಗೆಕಡ್ಡಿ:
ಸುರುಳಿಯನ್ನು ಮುಟ್ಟುವ ಮುನ್ನ ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ಗುಬುಟಿನ ಕೆಳಗಿನ ಬದಲಾಯಿಸಬಲ್ಲ ರೆಸಿಸ್ಟರ್) ನೋಡಿರಿ. ನಿಮ್ಮಂಥ ಗಿಟಾರಿನಲ್ಲಿ ಸಿಂಗಲ್ ಕಾಯಿಲ್‌ಗೆ ಒಗ್ಗುವ 250 ಕಿಲೋಓಮ್‌ನದೇ ಇರುವುದುಂಟು. ಅದು ಹಂಬಕರ್‌ನ ಶಿಖರವನ್ನು ತಗ್ಗಿಸುತ್ತದೆ. 500 ಕಿಲೋಓಮ್‌ನದನ್ನು ಹಾಕಿ, ಸಿಂಗಲ್ ಕಾಯಿಲ್ ಆರಿಸಿದಾಗ ಮಾತ್ರ 470 ಕಿಲೋಓಮ್ ರೆಸಿಸ್ಟರ್ ಪ್ಯಾರಲಲ್ ಆಗಿ (ಒಂದರ ಪಕ್ಕ ಒಂದರಂತೆ) ಸೇರುವಂತೆ ಸ್ವಿಚ್ಚಿನಲ್ಲಿ ಬೆಸೆದರೆ ಎರಡಕ್ಕೂ ನ್ಯಾಯ ಸಿಗುತ್ತದೆ.

ಸ್ಪ್ಲಿಟ್ ಮಾಡಿದರೆ ಹೊಳಪು ಬರುತ್ತದೆ, ಗುಂಯ್ ಕೂಡ ಮರಳುತ್ತದೆ, ಸದ್ದು ತೆಳುವಾಗುತ್ತದೆ. ಪಿಕಪ್‌ನಿಂದ ನಾಲ್ಕು ವೈರುಗಳು ಹೊರಬಂದಿದ್ದರೆ ನಾನು ಪ್ಯಾರಲಲ್ ಜೋಡಣೆಯನ್ನೇ ಸೂಚಿಸುವೆ: ಇಂಡಕ್ಟನ್ಸ್ ಕಾಲುಭಾಗದ ಆಸುಪಾಸಿಗೆ ಇಳಿದು ಸ್ವರ ತಿಳಿಯಾಗುತ್ತದೆ, ಗುಂಯ್‌ಗುಡುವಿಕೆಯೂ ಅಡಗಿಯೇ ಇರುತ್ತದೆ, ಔಟ್‌ಪುಟ್ ಕಡಿಮೆಯಾಗುವುದನ್ನು ಆಂಪ್‌ನಲ್ಲಿ ಸರಿದೂಗಿಸಬಹುದು.

ಆರುತಂತಿ:
ತೆರೆದು ನೋಡಿದೆ, 250 ಕಿಲೋಓಮ್ ಪಾಟೇ ಇದೆ, ಪಿಕಪ್‌ನಿಂದ ನಾಲ್ಕು ವೈರುಗಳೂ ಬಂದಿವೆ. ಸ್ಪ್ಲಿಟ್ ಮಾಡುವುದೇ ಆದರೆ ಯಾವ ಸುರುಳಿಯನ್ನು ಉಳಿಸಿಕೊಳ್ಳಬೇಕು?

ಬೆಸುಗೆಕಡ್ಡಿ:
ನಡುವಿನ ಪಿಕಪ್‌ಗೆ ವಿರುದ್ಧ ಧ್ರುವವಿರುವ ಸುರುಳಿಯನ್ನು. ಆಗ ಆ ಎರಡನ್ನೂ ಒಟ್ಟಿಗೆ ಆರಿಸಿದ ಸ್ಥಾನದಲ್ಲಾದರೂ ಗುಂಯ್ ಬಹುಮಟ್ಟಿಗೆ ಅಡಗುತ್ತದೆ. ಧ್ರುವವನ್ನು ಸಣ್ಣ ದಿಕ್ಸೂಚಿಯಿಂದ ಗುರುತಿಸಬಹುದು.