ಪದಚರ್ಚೆ: ಗ್ರೀಸಿನ ‘ಸ್ಕೂಲು’ ಮತ್ತು ಅಗೆಯುವ ಪರವಾನಗಿ

ಎಲ್ಲರಿಗೂ ನಮಸ್ಕಾರ.

ಗ್ರೀಸಿನ ಪ್ರಾಚೀನ ನೆಲೆಗಳಲ್ಲಿ ಹೊರದೇಶದವರು ಉತ್ಖನನಕ್ಕೆ ಹೇಗೆ ಒಪ್ಪಿಗೆ ಪಡೆಯುತ್ತಾರೆ ಎಂಬ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರತಿ ವಿದೇಶಿ ಶಾಲೆಗೂ ವರ್ಷಕ್ಕೆ ಮೂರು ಪರವಾನಗಿ’ ಎಂದು ಬರೆದಿದ್ದೆ. ಓದಿದ ತಂಗಿ, ‘ಪಾಪ, ಮಕ್ಕಳ ಕೈಗೆ ಗುದ್ದಲಿ ಕೊಡ್ತಾರಾ?’ ಅಂದಳು. ಕೆಲಸ ಅಲ್ಲಿಗೇ ನಿಂತಿದೆ.

ಹೊರಗಿನ ವಿಶ್ವವಿದ್ಯಾಲಯದವರು ಅಥೆನ್ಸಿನಲ್ಲಿರುವ ತಮ್ಮ ದೇಶದ ‘ಸ್ಕೂಲ್’ (ಮಕ್ಕಳ ಶಾಲೆಯಲ್ಲ, ಪುರಾತತ್ವ ಸಂಶೋಧನೆಯ ಸಂಸ್ಥೆ) ಮೂಲಕ ಸಂಸ್ಕೃತಿ ಸಚಿವಾಲಯಕ್ಕೆ ಅರ್ಜಿ ಹಾಕಬೇಕು. ಫ್ರೆಂಚರ ಸ್ಕೂಲು 1846ರದು, ಅಮೆರಿಕನ್ನರದು 1881ರದು, ಬ್ರಿಟಿಷರದು 1886ರದು. ಡೆಲ್ಫಿಯನ್ನು ಅಗೆದವರು ಫ್ರೆಂಚ್ ಸ್ಕೂಲಿನವರು, ಕೊರಿಂತ್ ಅಗೆದವರು ಅಮೆರಿಕನ್ನರು. ಗ್ರೀಕರಿಗೆ ಈ ಗೊಂದಲವೇ ಇಲ್ಲ: ಇಂಥ ಸಂಸ್ಥೆ ‘ಸ್ಖೊಲಿ’, ಮಕ್ಕಳು ಚೀಲ ಹೊತ್ತು ಹೋಗುವುದು ‘ಸ್ಖೊಲಿಯೊ’. ನಮ್ಮ ಬಾಯಲ್ಲಿರುವ ‘ಸ್ಕೂಲು’ ಕೂಡ ಅದೇ ಬೇರಿನದು, ಲ್ಯಾಟಿನ್, ಇಂಗ್ಲಿಷ್ ಸುತ್ತಿಕೊಂಡು ಬಂದಿದೆ. ಮೂಲದಲ್ಲಿ ಅದರ ಅರ್ಥ ಬಿಡುವು! ಇದಕ್ಕೆ ಕನ್ನಡದಲ್ಲಿ ‘ಪೀಠ’ ಅಂದರೆ ಮಠ ನೆನಪಾಗುತ್ತದೆ. ‘ಅಧ್ಯಯನ ಸಂಸ್ಥೆ’ ಸಪ್ಪೆ, ಆದರೂ ಸದ್ಯಕ್ಕೆ ಅದನ್ನೇ ಇಟ್ಟಿದ್ದೇನೆ.

ಎರಡನೆಯದು ‘ಸಿನೆರ್ಗಸಿಯಾ’. 2002ರ ಪುರಾತತ್ವ ಕಾಯ್ದೆಯಂತೆ (ಸಂಖ್ಯೆ 3028) ಒಂದು ಸ್ಕೂಲಿಗೆ ತಾನೇ ನಡೆಸುವ ಕೆಲಸಕ್ಕೆ ಮೂರು, ಗ್ರೀಕರ ಜೊತೆಗೂಡಿ ನಡೆಸುವುದಕ್ಕೆ ಇನ್ನು ಮೂರು. ಈ ಎರಡನೆಯ ಬಗೆಯೇ ಸಿನೆರ್ಗಸಿಯಾ. ಬಿಡಿಸಿದರೆ ‘ಕೂಡಿ ಮಾಡುವ ಕೆಲಸ’. ‘ಸಹಕಾರ’ ಎಂದರೆ ಹಾಲಿನ ಸೊಸೈಟಿ ಕಣ್ಣ ಮುಂದೆ ಬರುತ್ತದೆ. ‘ಜಂಟಿ ಉತ್ಖನನ’ ಚೆನ್ನಾಗಿದೆ, ಆದರೆ ಹೊಲದಲ್ಲಿ ಸಾಲಾಗಿ ನಡೆಯುತ್ತ ಮಡಕೆಚೂರು ಎಣಿಸುವ ಮೇಲ್ಮೈ ಸಮೀಕ್ಷೆಯೂ ಇದರಲ್ಲಿ ಸೇರುತ್ತದಲ್ಲ, ಅಲ್ಲಿ ಗುದ್ದಲಿ ನೆಲಕ್ಕೆ ತಾಗುವುದೇ ಇಲ್ಲ. ‘ಜಂಟಿ ಕ್ಷೇತ್ರಕಾರ್ಯ’ ಆದೀತೆ?

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಪರವಾನಗಿಗೆ ಗ್ರೀಕರು ಬಳಸುವ ‘ಆದಿಯಾ’. ‘ದೇಒಸ್’ ಅಂದರೆ ಭಯ, ಹಿಂದಿನ ‘ಅ’ ನಮ್ಮ ‘ಅ’ದಂತೆಯೇ ನಿಷೇಧಾರ್ಥಕ. ಅಂದರೆ ಅಕ್ಷರಶಃ ‘ಅಭಯ’! ಇವತ್ತು ಅದೇ ಪದಕ್ಕೆ ಕೆಲಸದಿಂದ ಪಡೆಯುವ ರಜೆ ಎಂಬ ಅರ್ಥವೂ ಇದೆ. ನಮ್ಮ ‘ರಜೆ’ಯೂ ಅರಬ್ಬಿಯ ‘ರಿಜಾ’ದಿಂದ ಬಂದದ್ದೇ, ಅದರ ಅರ್ಥ ಒಪ್ಪಿಗೆ. ಒಪ್ಪಿಗೆಗೂ ರಜೆಗೂ ಎರಡೂ ಕಡೆ ನಂಟು ಬೆಳೆದದ್ದು ನೋಡಿ ಖುಷಿಯಾಯಿತು.

ಅರ್ಜಿಯ ಬಗ್ಗೆ ಕೇಂದ್ರ ಪುರಾತತ್ವ ಮಂಡಳಿ ಅಭಿಪ್ರಾಯ ಕೊಟ್ಟ ಮೇಲೆ ಸಚಿವರು ತೀರ್ಮಾನಿಸುತ್ತಾರೆ. ಇದಕ್ಕೆ ‘ಅನುಮತಿ’ ಸಾಕೇ? ‘ಪರವಾನಗಿ’ ಕೇಳಿದರೆ ನನಗೆ ಬಂದೂಕು, ಬಾರುಗಳೇ ಮೊದಲು ನೆನಪಾಗುತ್ತವೆ. ಡೆಲ್ಫಿಯನ್ನು ಫ್ರೆಂಚರಿಗೆ ವಹಿಸಲು 1891ರಲ್ಲಿ ಗ್ರೀಕ್ ಸಂಸತ್ತೇ ಒಪ್ಪಬೇಕಾಯಿತು, ಮೇಲಿದ್ದ ಕಸ್ತ್ರಿ ಎಂಬ ಹಳ್ಳಿಯನ್ನೇ ಎತ್ತಿ ಪಕ್ಕಕ್ಕಿಟ್ಟರು. ಅದಕ್ಕೆ ಮಾತ್ರ ‘ಸನ್ನದು’ ಎಂದು ಬರೆದಿದ್ದೇನೆ. ತೀರಾ ರಾಜರ ಕಾಲದ್ದಾಯಿತೇ, ಬಲ್ಲವರು ಹೇಳಿ.